ದ್ವೀಪ ಬಿಟ್ಟ ಮೇಲೆ ಕರಾನಾಗೆ ಏನಾಯಿತು? ಕ್ಯಾಲಿಫೋರ್ನಿಯಾದ ಕನ್ನಡದ ಅಪ್ಪ ಅಮ್ಮಂದಿರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಅಪ್ಪ ಅಮ್ಮಂದಿರೇ,

ನಿಮ್ಮ ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿ ನಾಲ್ಕನೇ ಕ್ಲಾಸೋ ಐದನೇ ಕ್ಲಾಸೋ ಓದುತ್ತಿದ್ದರೆ ‘ಐಲ್ಯಾಂಡ್ ಆಫ್ ದಿ ಬ್ಲೂ ಡಾಲ್ಫಿನ್ಸ್’ ಆಗಲೇ ನಿಮ್ಮ ಮನೆಗೆ ಬಂದಿರಬಹುದು, ಇಲ್ಲವೇ ಸದ್ಯದಲ್ಲೇ ಬರಬಹುದು. ಸ್ಕಾಟ್ ಓಡೆಲ್ ಬರೆದ ಕಾದಂಬರಿ. 1960ರಲ್ಲಿ ಪ್ರಕಟವಾಯಿತು, 1961ರಲ್ಲಿ ಅಮೆರಿಕದಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ ನ್ಯೂಬೆರಿ ಪದಕ ಪಡೆಯಿತು. ಆವತ್ತಿನಿಂದ ಇಲ್ಲಿನ ಎಷ್ಟೋ ಶಾಲೆಗಳು ಅದನ್ನು ಓದಿಸುತ್ತಲೇ ಬಂದಿವೆ.

ಈಚೆಗೆ ನಮ್ಮವರ ನಡುವೆ ಈ ಪುಸ್ತಕದ ಮಾತು ಜೋರಾಗಿದೆ. ಹಬ್ಬದೂಟಕ್ಕೆ ಸೇರಿದರೂ ಅದೇ, ಮಕ್ಕಳ ಕನ್ನಡ ಕ್ಲಾಸು ಮುಗಿಯಲಿ ಅಂತ ಪಾರ್ಕಿಂಗ್ ಲಾಟಿನಲ್ಲಿ ಕಾಯುತ್ತಾ ನಿಂತರೂ ಅದೇ. ಶಾಲೆಗೆ ಪತ್ರ ಬರೆದು ಇದನ್ನು ಪಟ್ಟಿಯಿಂದ ತೆಗೆಸೋಣ ಅಂತ ಕೆಲವರು ಹೊರಟಿದ್ದೀರಿ. ಸಹಿ ಹಾಕು ಅಂತ ನನ್ನನ್ನೂ ಕೇಳಿದಿರಿ. ನಾನು ಹಾಕಲಿಲ್ಲ. ‘ಪುಸ್ತಕ ಚಿನ್ನದಂಥದ್ದು, ಯಾರೂ ಮುಟ್ಟಬೇಡಿ’ ಅನ್ನುವವರು ಎದುರು ಪತ್ರ ತಂದಿದ್ದರೆ ಅದಕ್ಕೂ ಹಾಕುತ್ತಿರಲಿಲ್ಲ. ಯಾಕೆ ಅನ್ನೋದನ್ನು ಒಬ್ಬೊಬ್ಬರನ್ನೇ ಹಿಡಿದು ನಿಲ್ಲಿಸಿ ಹೇಳುವುದಕ್ಕಿಂತ ಎಲ್ಲರಿಗೂ ಒಟ್ಟಿಗೆ ಬರೆಯೋದು ವಾಸಿ ಅನ್ನಿಸಿತು.

ಓದದೇ ಇರುವವರಿಗೆ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. ಕರಾನಾ ಹನ್ನೆರಡು ವರ್ಷದ ಹುಡುಗಿ. ಕ್ಯಾಲಿಫೋರ್ನಿಯಾ ಕರಾವಳಿಯಿಂದ ದೂರದ ಒಂದು ದ್ವೀಪ ಅವಳ ಊರು. ಕಡಲ ನೀರುನಾಯಿಗಳ ಬೇಟೆಗೆ ಒಬ್ಬ ರಷ್ಯನ್ ಕ್ಯಾಪ್ಟನ್ ಜೊತೆ ಅಲಾಸ್ಕಾ ಕಡೆಯ ಮೂಲನಿವಾಸಿಗಳಾದ ಅಲ್ಯೂಟ್ ಬೇಟೆಗಾರರು ಬರುತ್ತಾರೆ. ಕೊಡಬೇಕಾದ್ದನ್ನು ಕೊಡದೆ ಹೊರಡಲು ನೋಡಿದಾಗ ಹೊಡೆದಾಟ ಆಗುತ್ತದೆ. ಊರಿನ ಬಹುಪಾಲು ಗಂಡಸರು ಸಾಯುತ್ತಾರೆ. ಕರಾನಾಳ ಅಪ್ಪನೂ ಸಾಯುತ್ತಾನೆ. ಮುಂದೆ, ಉಳಿದವರನ್ನು ಕರೆದೊಯ್ಯಲು ಹಡಗು ಬಂದಾಗ ತಮ್ಮ ರಾಮೋ ದಡದಲ್ಲೇ ಉಳಿದುಬಿಡುತ್ತಾನೆ. ಅದನ್ನು ಕಂಡು ಅವಳು ನೀರಿಗೆ ಹಾರುತ್ತಾಳೆ. ಹಡಗು ಹೊರಟುಹೋಗುತ್ತದೆ. ತಮ್ಮನನ್ನು ಕಾಡುನಾಯಿಗಳು ಕೊಂದುಹಾಕುತ್ತವೆ. ಅಲ್ಲಿಂದಾಚೆಗೆ ವರ್ಷಗಟ್ಟಲೆ ಅವಳು ಒಬ್ಬಳೇ.

ಮೊದಲ ದೂರು ಮಕ್ಕಳದ್ದೇ. ಬೋರು. ಏನೂ ನಡೆಯೋದಿಲ್ಲ, ಯಾರೂ ಮಾತಾಡೋದಿಲ್ಲ. ಇದರಲ್ಲಿ ಸುಳ್ಳೇನಿಲ್ಲ. ಒಬ್ಬಳೇ ಇರುವವಳು ಯಾರ ಹತ್ತಿರ ಮಾತಾಡಬೇಕು? ಪುಟಗಟ್ಟಲೆ ಅವಳು ಬೇಲಿ ಕಟ್ಟುತ್ತಾಳೆ, ಚಿಪ್ಪುಮೀನು ಒಣಗಿಸುತ್ತಾಳೆ, ದೋಣಿಯ ಬಿರುಕಿಗೆ ಮೆತ್ತುತ್ತಾಳೆ. ಆದರೆ ನನಗೆ ಇಡೀ ಪುಸ್ತಕದಲ್ಲಿ ಬಹಳ ಹಿಡಿಸಿದ್ದು ಇದೇ ಭಾಗ. ಬೇಲಿಗೆ ಅವಳು ಬಳಸುವುದು ತಿಮಿಂಗಿಲದ ಪಕ್ಕೆಲುಬು. ರಾತ್ರಿ ಬೆಳಕಿಗೆ ಒಂದು ಜಾತಿಯ ಪುಟ್ಟ ಮೀನನ್ನು ಒಣಗಿಸಿ ಹೊತ್ತಿಸುತ್ತಾಳೆ. ಕೈಗೆ ಸಿಕ್ಕ ವಸ್ತು ಏನಕ್ಕೆ ಆಗುತ್ತದೆ ಅಂತ ನಿಂತು ನೋಡುವ ತಾಳ್ಮೆ ಆ ಪುಟಗಳಲ್ಲಿದೆ. ಅದು ಹತ್ತು ವರ್ಷದ ಮಗುವಿಗೆ ಬೇಸರ ತಂದರೆ ತರಲಿ ಬಿಡಿ. ಬೇಸರ ಪಡುವುದೂ ಓದಿನ ಒಂದು ಭಾಗವೇ ತಾನೇ. ಈ ದೂರಿನ ಬಗ್ಗೆ ಇಷ್ಟು ಸಾಕು.

ಎರಡನೆಯ ದೂರು ನಮ್ಮದು, ಅಂದರೆ ದೊಡ್ಡವರದ್ದು. ಈ ಕಥೆ ಮಕ್ಕಳಿಗೆ ತುಂಬಾ ದುಃಖದ್ದು, ರಕ್ತ ಜಾಸ್ತಿ, ಸಾವು ಜಾಸ್ತಿ. ಅಪ್ಪ ಸಾಯುತ್ತಾನೆ, ತಮ್ಮ ಸಾಯುತ್ತಾನೆ, ಕೊನೆಗೆ ಮುದಿಯಾದ ನಾಯಿಯೂ ಸಾಯುತ್ತದೆ. ನಮ್ಮ ಮಗು ಅತ್ತಿತು, ಎರಡು ರಾತ್ರಿ ನಿದ್ದೆ ಮಾಡಲಿಲ್ಲ ಅಂತ ಒಬ್ಬರು ಹೇಳಿದರು.

ಅದನ್ನು ಕೇಳಿದಾಗ ನಗು ಬಂತು, ಕ್ಷಮಿಸಿ. ನಾವು ಯಾರು? ಮೂರು ವರ್ಷದ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಪುಣ್ಯಕೋಟಿಯ ಹಾಡು ಹೇಳುವ ಜನ. ಆ ಹಾಡಿನಲ್ಲಿ ತಾಯಿ ಹಸು ಸಾಯಲು ಹೊರಟು ಕರುವನ್ನು ಅಕ್ಕತಂಗಿಯರ ಕೈಗೆ ಒಪ್ಪಿಸುತ್ತದೆ. ಕೊನೆಗೆ ಹುಲಿ ಮೇಲಕ್ಕೆ ನೆಗೆದು ಪ್ರಾಣ ಬಿಡುತ್ತದೆ. ಅದನ್ನು ಹೇಳುವಾಗ ನಮ್ಮ ಅಜ್ಜಿಯರು ತಾವೇ ಅಳುತ್ತಿದ್ದರು, ಪಕ್ಕದಲ್ಲಿ ಕೂತ ನಾವೂ ಅಳುತ್ತಿದ್ದೆವು, ಆಮೇಲೆ ಊಟಕ್ಕೆ ಏಳುತ್ತಿದ್ದೆವು. ಕೆರೆಗೆ ನೀರು ಬರಲಿ ಅಂತ ಮನೆಯ ಕಿರಿ ಸೊಸೆ ಭಾಗೀರಥಿಯನ್ನೇ ಹಾರ ಕೊಟ್ಟ ಕಥೆಯನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಅದನ್ನೆಲ್ಲ ಕೇಳಿ ಬೆಳೆದವರು ಕರಾನಾಳ ನಾಯಿ ಸತ್ತಿದ್ದಕ್ಕೆ ಶಾಲೆಗೆ ಪತ್ರ ಬರೆಯುವುದಾ? ಮಗು ಅತ್ತರೆ ಜೊತೆಗೆ ಕೂತುಕೊಳ್ಳಿ. ಪುಸ್ತಕ ಕಿತ್ತುಕೊಳ್ಳಬೇಡಿ.

ಮೂರನೆಯದು ದೂರಲ್ಲ, ಹೊಗಳಿಕೆ. ನನಗೆ ನಿಜವಾಗಿ ತಕರಾರು ಇರುವುದು ಇಲ್ಲೇ, ಹಾಗಾಗಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

‘ಎಂಥಾ ಗಟ್ಟಿಗಿತ್ತಿ ಹುಡುಗಿ! ನಮ್ಮ ಹೆಣ್ಣುಮಕ್ಕಳು ಓದಲೇಬೇಕು’ ಅನ್ನುವವರು ಬಹಳ ಮಂದಿ. ಒಪ್ಪತಕ್ಕ ಮಾತೇ. ಹುಡುಗರೇ ದ್ವೀಪಕ್ಕೆ ಹೋಗಿ ಹುಡುಗರೇ ಗೆದ್ದು ಬರುತ್ತಿದ್ದ ಕಾಲದಲ್ಲಿ ಈ ಕಥೆ ಬಂತು. ಹುಡುಗಿಯನ್ನು ತೆಗೆದು ಹುಡುಗನನ್ನು ಹಾಕಿ ಅಂತ ಓಡೆಲ್‌ಗೆ ಸಲಹೆಯೂ ಬಂದಿತ್ತಂತೆ. ಅವರು ಕೇಳಲಿಲ್ಲ. ಅರವತ್ತು ದಾಟಿದ ಮನುಷ್ಯ ಬರೆದ ಮೊದಲ ಮಕ್ಕಳ ಕಾದಂಬರಿ ಇದು. ಆ ಹಟವನ್ನು ಮೆಚ್ಚಲೇಬೇಕು.

ಆದರೆ ಕರಾನಾಳ ಧೈರ್ಯವನ್ನು ಕಾದಂಬರಿ ತೋರಿಸುವ ರೀತಿ ನೋಡಿ. ಅವಳ ಬುಡಕಟ್ಟಿನಲ್ಲಿ ಹೆಂಗಸರು ಆಯುಧ ಮಾಡಬಾರದು. ಮಾಡಿದರೆ ಗಾಳಿ ಬೀಸುತ್ತದೋ, ಭೂಮಿ ನಡುಗುತ್ತದೋ, ಆಯುಧವೇ ಮುರಿಯುತ್ತದೋ ಅಂತ ಅವಳು ಹೆದರುತ್ತಾಳೆ. ಹೆದರಿಕೊಂಡೇ ಬಿಲ್ಲು ಮಾಡುತ್ತಾಳೆ, ಈಟಿ ಮಾಡುತ್ತಾಳೆ. ಏನೂ ಆಗೋದಿಲ್ಲ. ಓದುವ ಮಗುವಿಗೆ ಖುಷಿ. ಕಟ್ಟುಪಾಡು ಮುರಿದಳು, ಗೆದ್ದಳು!

ಈಗ ಒಂದು ಪ್ರಶ್ನೆ. ಈ ಕಟ್ಟುಪಾಡು ಎಲ್ಲಿಂದ ಬಂತು? ಕಾದಂಬರಿಯ ದ್ವೀಪ ಕಲ್ಪನೆಯದ್ದಲ್ಲ. ಅದು ಲಾಸ್ ಏಂಜಲೀಸಿನ ಆಚೆ ಪೆಸಿಫಿಕ್ ಸಮುದ್ರದಲ್ಲಿರುವ ಸ್ಯಾನ್ ನಿಕೋಲಸ್ ದ್ವೀಪ. ಅಲ್ಲಿ ನಿಜವಾದ ಜನ ಇದ್ದರು. ಅವರನ್ನು ನಿಕೊಲೆನ್ಯೊ ಅನ್ನುತ್ತಾರೆ. ಅವರ ನಂಬಿಕೆ, ನಡವಳಿಕೆಗಳ ಬಗ್ಗೆ ದಾಖಲಾಗಿ ಉಳಿದದ್ದು ತೀರಾ ಸ್ವಲ್ಪ. ಹಾಗಿರುವಾಗ ಹೆಂಗಸರು ಆಯುಧ ಮುಟ್ಟಬಾರದು ಅನ್ನುವ ಕಾನೂನನ್ನು ಅವರ ತಲೆಗೆ ಕಟ್ಟಿದರೆ ಏನಾಗುತ್ತದೆ? ಒಬ್ಬ ಹುಡುಗಿ ಎತ್ತರವಾಗಿ ಕಾಣಲಿ ಅಂತ ಅವಳ ಜನರನ್ನೆಲ್ಲ ಕುಳ್ಳರನ್ನಾಗಿ ಮಾಡಿದ ಹಾಗಾಯಿತು. ನಮ್ಮ ಹೆಣ್ಣುಮಕ್ಕಳಿಗೆ ಧೈರ್ಯ ಬೇಕು, ಸರಿ. ಆದರೆ ಇನ್ನೊಬ್ಬರ ಅಜ್ಜಿ ತಾತಂದಿರ ಮೇಲೆ ಇಲ್ಲದ್ದನ್ನು ಹೊರಿಸಿ ಆ ಧೈರ್ಯ ಕಟ್ಟಿಕೊಡಬೇಕಾ?

ಯೋಚಿಸಿ. ಕರ್ನಾಟಕಕ್ಕೆ ಒಮ್ಮೆಯೂ ಬಾರದ ಯಾರೋ ಒಬ್ಬರು ನಮ್ಮ ಕಥೆ ಬರೆಯುತ್ತಾರೆ, ‘ಕೊಡಗಿನ ಹೆಂಗಸರಿಗೆ ಅಡುಗೆಮನೆಯಿಂದ ಹೊರಬರಲು ಅಪ್ಪಣೆ ಇರಲಿಲ್ಲ’ ಅಂತ ಸೇರಿಸುತ್ತಾರೆ, ಆ ಪುಸ್ತಕ ಜಗತ್ತಿನ ಶಾಲೆಗಳಲ್ಲೆಲ್ಲ ಅರವತ್ತು ವರ್ಷ ಓಡುತ್ತದೆ ಅಂತಿಟ್ಟುಕೊಳ್ಳಿ. ನಾವು ಸುಮ್ನೆ ಇರುತ್ತೇವಾ?

ನಾನೇ ಕಂಡುಹಿಡಿದ ತಕರಾರೇನೂ ಅಲ್ಲ ಇದು. ನಾಂಬೇ ಪ್ವೆಬ್ಲೋ ಸಮುದಾಯದ ಡೆಬ್ಬಿ ರೀಸ್ ಮಕ್ಕಳ ಪುಸ್ತಕಗಳಲ್ಲಿ ಮೂಲನಿವಾಸಿಗಳನ್ನು ಹೇಗೆ ತೋರಿಸುತ್ತಾರೆ ಅನ್ನೋದನ್ನು ಬಹಳ ಕಾಲದಿಂದ ಅಧ್ಯಯನ ಮಾಡುತ್ತಿದ್ದಾರೆ. 2016ರಲ್ಲಿ ಅವರು ಈ ಕಾದಂಬರಿಯನ್ನು ಸಾಲುಸಾಲಾಗಿ ಪರಿಶೀಲಿಸಿ ಬರೆದರು. ಅದನ್ನು ಮಕ್ಕಳಿಗೆ ಕೊಡಿ ಅಂತ ಅವರು ಹೇಳುವುದಿಲ್ಲ. ನಮ್ಮಲ್ಲಿ ಸಹಿ ಕೇಳುತ್ತಾ ಬಂದ ಒಬ್ಬರು ರೀಸ್ ಅವರ ಹೆಸರನ್ನೂ ಹೇಳಿದರು. ಆದರೆ ಸಹಿ ಕೇಳಿದ ಆ ಪತ್ರದಲ್ಲಿ ಇದ್ದ ಕಾರಣ ‘ದುಃಖ ಜಾಸ್ತಿ’ ಅನ್ನೋದು ಮಾತ್ರ. ರೀಸ್ ಅವರ ತಕರಾರಿಗೂ ಇದಕ್ಕೂ ಸಂಬಂಧವೇ ಇಲ್ಲ. ಅವರ ಹೆಸರನ್ನು ನಮ್ಮ ಅಳುಕಿಗೆ ಕೊಡೆಯಾಗಿ ಹಿಡಿಯುವುದು ಸರಿಯಲ್ಲ.

ಅಲ್ಯೂಟ್‌ಗಳ ವಿಷಯವೂ ಹೀಗೇ. ಕಾದಂಬರಿಯಲ್ಲಿ ಅವರು ಕೇಡಿಗರು. ಸ್ಯಾನ್ ನಿಕೋಲಸ್‌ನಲ್ಲಿ 1814ರ ಸುಮಾರಿಗೆ ಅಲಾಸ್ಕಾದಿಂದ ಬಂದ ಬೇಟೆಗಾರರ ಕೈಯಲ್ಲಿ ಬಹಳಷ್ಟು ದ್ವೀಪವಾಸಿಗಳು ಸತ್ತದ್ದು ನಿಜ. ಆದರೆ ಆ ಬೇಟೆಗಾರರನ್ನು ಅಷ್ಟು ದೂರ ತಂದವರು ಯಾರು? ರಷ್ಯನ್-ಅಮೆರಿಕನ್ ಕಂಪನಿ. ಅಲಾಸ್ಕಾದ ಗಂಡಸರನ್ನು ಬಲವಂತವಾಗಿ ಹಿಡಿದು, ಹೆಂಡತಿ ಮಕ್ಕಳಿಂದ ದೂರ ಮಾಡಿ, ನೀರುನಾಯಿಯ ತುಪ್ಪಳಕ್ಕಾಗಿ ಸಾವಿರಾರು ಮೈಲಿ ದುಡಿಸಿದ ಕಂಪನಿ ಅದು. ಕಂಪನಿ ಅನ್ನುವವರ ಬುದ್ಧಿ ನಮಗೇನು ಹೊಸದಾ? ಓಡೆಲ್‌ಗೆ ಇಲ್ಲಿ ಒಂದು ಮೆಚ್ಚುಗೆ ಸಲ್ಲಬೇಕು. ಮುಂದೆ ಟುಟೋಕ್ ಅನ್ನುವ ಅಲ್ಯೂಟ್ ಹುಡುಗಿಯನ್ನು ತಂದು, ಕರಾನಾ ಜೊತೆ ಅವಳ ಗೆಳೆತನ ಬೆಳೆಸುತ್ತಾರೆ. ಭಾಷೆ ಗೊತ್ತಿಲ್ಲದ ಇಬ್ಬರು ಹುಡುಗಿಯರು ವಸ್ತುಗಳ ಹೆಸರು ಹೇಳಿಕೊಳ್ಳುತ್ತಾ ನಗುವ ಆ ಅಧ್ಯಾಯ ಚೆನ್ನಾಗಿದೆ. ಆದರೆ ಟುಟೋಕ್‌ಳನ್ನು ಆ ದ್ವೀಪಕ್ಕೆ ತಂದ ಕಂಪನಿಯ ಲೆಕ್ಕಪುಸ್ತಕ ಮಕ್ಕಳ ಕಣ್ಣಿಗೆ ಬೀಳುವುದೇ ಇಲ್ಲ.

ಪ್ರಾಣಿಪ್ರಿಯರ ಗುಂಪು ಇನ್ನೊಂದು. ಕರಾನಾ ಮೊದಲು ನಾಯಿಗಳನ್ನು ಕೊಲ್ಲಲು ಹೊರಡುತ್ತಾಳೆ. ಗಾಯಗೊಂಡ ಮುಖ್ಯ ನಾಯಿಯನ್ನು ಕೊಲ್ಲಲಾಗದೆ ಮನೆಗೆ ತಂದು ಸಾಕುತ್ತಾಳೆ, ರಾಂಟು ಅಂತ ಹೆಸರಿಡುತ್ತಾಳೆ. ಬರಬರುತ್ತಾ ನೀರುನಾಯಿ, ಸೀಲ್, ನೀರುಕಾಗೆ ಯಾವುದನ್ನೂ ಕೊಲ್ಲುವುದಿಲ್ಲ ಅಂತ ತೀರ್ಮಾನಿಸುತ್ತಾಳೆ. ಬೇಟೆಗಾರರ ಮೇಲಿನ ಸಿಟ್ಟಿನಿಂದಲೇ ಈ ಕಥೆ ಬರೆದೆ ಅಂತ ಓಡೆಲ್ ಹೇಳಿದ್ದುಂಟು. ಸಿಟ್ಟು ನ್ಯಾಯವಾದದ್ದೇ. ತುಪ್ಪಳದ ಆಸೆಗೆ ಕ್ಯಾಲಿಫೋರ್ನಿಯಾದ ಕಡಲ ನೀರುನಾಯಿ ಹೆಚ್ಚುಕಡಿಮೆ ನಾಶವೇ ಆಗಿಹೋಗಿತ್ತು. 1987ರಿಂದ 1990ರವರೆಗೆ ಸರ್ಕಾರದ ವನ್ಯಜೀವಿ ಇಲಾಖೆ 140 ನೀರುನಾಯಿಗಳನ್ನು ಇದೇ ಸ್ಯಾನ್ ನಿಕೋಲಸ್‌ಗೆ ತಂದು ಬಿಟ್ಟಿತು. ಎಷ್ಟೋ ನೀರುನಾಯಿಗಳು ಅಲ್ಲಿ ನಿಲ್ಲದೆ ಈಜಿಕೊಂಡು ವಾಪಸ್ ಹೋದವು. ಕೆಲವು ನಿಂತವು. ಮಕ್ಕಳಿಗೆ ಇದನ್ನು ಹೇಳಿ, ಕಣ್ಣರಳಿಸುತ್ತಾರೆ.

ಆದರೆ ಕಣ್ಣರಳಿಸಿದ ಮಕ್ಕಳಿಗೆ ಇನ್ನೊಂದು ವಿಷಯವನ್ನೂ ಹೇಳಬೇಕಾಗುತ್ತದೆ. ಕರಾನಾಳ ಕಥೆಗೆ ಮೂಲವಾದ, ಆ ದ್ವೀಪದ ನಿಜವಾದ ಹೆಂಗಸನ್ನು ‘ಕಾಪಾಡಿ’ ಕರೆತಂದವನು ಜಾರ್ಜ್ ನೈಡೆವರ್. ಅವನೇ ನೀರುನಾಯಿ ಬೇಟೆಗಾರ. ಅವನು 1853ರಲ್ಲಿ ಅಲ್ಲಿಗೆ ಹೋಗಿದ್ದೂ ಬೇಟೆಗೇ.

ಆ ಹೆಂಗಸಿನ ಬಗ್ಗೆ ಈಗ ಹೇಳಬೇಕು. ಈ ಪತ್ರ ಬರೆಯಲು ಕೂತದ್ದೇ ಅವಳಿಗಾಗಿ.

1835ರಲ್ಲಿ ‘ಪಿಯೋರ್ ಎಸ್ ನಾಡಾ’ ಅನ್ನುವ ಹಡಗು ಸ್ಯಾನ್ ನಿಕೋಲಸ್‌ನಲ್ಲಿ ಉಳಿದಿದ್ದ ನಿಕೊಲೆನ್ಯೊ ಜನರನ್ನು ಹತ್ತಿಸಿಕೊಂಡು ಹೋಯಿತು. ಒಬ್ಬಳು ಹೆಂಗಸು ಅಲ್ಲೇ ಉಳಿದಳು. ಮಗುವಿಗಾಗಿ ಹಡಗಿನಿಂದ ನೀರಿಗೆ ಹಾರಿದಳು ಅನ್ನುವ ಕಥೆ ಮುಂದೆ ಪತ್ರಿಕೆಗಳಲ್ಲಿ ಬಣ್ಣ ಕಟ್ಟಿಕೊಂಡು ಬೆಳೆಯಿತು. ಓಡೆಲ್ ಕೈಯಲ್ಲಿ ಮಗು ತಮ್ಮನಾದ, ಹೆಂಗಸು ಹುಡುಗಿಯಾದಳು. ನಿಜವಾದವಳು ಹನ್ನೆರಡರ ಹುಡುಗಿಯಲ್ಲ. ಹಡಗು ಹೋದಾಗಲೇ ಬೆಳೆದ ಹೆಂಗಸು. ಹದಿನೆಂಟು ವರ್ಷ ಬಿಟ್ಟು ನೈಡೆವರ್‌ನ ಕಡೆಯವರಿಗೆ ಸಿಕ್ಕಾಗ ಐವತ್ತರ ಆಸುಪಾಸಿನವಳು. ನೀರುಕಾಗೆಯ ಗರಿಗಳನ್ನು ಹೊಲಿದ ಉಡುಪು ತೊಟ್ಟಿದ್ದಳು. ಕೂತು ಸೀಲ್ ಚರ್ಮ ಸುಲಿಯುತ್ತಿದ್ದಳು. ಹೆದರಿ ಓಡಲಿಲ್ಲ. ಬಂದವರನ್ನು ನಗುತ್ತಾ ಎದುರುಗೊಂಡಳು, ಅವರಿಗೆ ತಿನ್ನಲು ಕೊಟ್ಟಳು. ಬೇಟೆಗಾರರು ಸುಮಾರು ಒಂದು ತಿಂಗಳು ಅಲ್ಲೇ ಬೇಟೆ ಮಾಡಿಕೊಂಡಿದ್ದರು, ಅಷ್ಟು ದಿನವೂ ಅವಳು ಅವರ ಜೊತೆಗಿದ್ದಳು. ಆಮೇಲೆ ದೋಣಿ ಹತ್ತಿ ಸಾಂತಾ ಬಾರ್ಬರಾಕ್ಕೆ ಬಂದಳು.

ಅಲ್ಲಿ ನೈಡೆವರ್‌ನ ಮನೆಯಲ್ಲೇ ಇದ್ದಳು. ಕುದುರೆಗಳನ್ನು ಕಂಡು ಬೆರಗಾದಳು. ನೋಡಲು ಬಂದ ಜನರಿಗೆ ಹಾಡಿ ಕುಣಿದು ತೋರಿಸಿದಳು. ಹಣ್ಣು ತರಕಾರಿಗಳನ್ನು ಆಸೆಪಟ್ಟು ತಿಂದಳು. ಭೇದಿ ಹತ್ತಿತು. ದಡ ಮುಟ್ಟಿ ಏಳು ವಾರವಾಗುವಷ್ಟರಲ್ಲಿ, 1853ರ ಅಕ್ಟೋಬರ್ 19ರಂದು, ತೀರಿಕೊಂಡಳು. ಹುವಾನಾ ಮರಿಯಾ ಅಂತ ಕ್ರೈಸ್ತ ಹೆಸರು ಕೊಟ್ಟು ಸಾಂತಾ ಬಾರ್ಬರಾ ಮಿಷನ್ನಿನ, ಅಂದರೆ ಸ್ಪೇನಿನ ಪಾದ್ರಿಗಳು ಕಟ್ಟಿದ ಚರ್ಚಿನ, ಸ್ಮಶಾನದಲ್ಲಿ ಮಣ್ಣು ಮಾಡಿದರು. ಗುರುತಿಗೊಂದು ಕಲ್ಲೂ ಇರಲಿಲ್ಲ. 1928ರಲ್ಲಿ ಅಲ್ಲೊಂದು ಫಲಕ ಹಾಕಿದರು. ಅವಳ ಸ್ವಂತ ಹೆಸರು ಯಾರಿಗೂ ಗೊತ್ತಿಲ್ಲ. ಅವಳಾಡಿದ ಮಾತಿನಲ್ಲಿ ಬರಹಕ್ಕೆ ಇಳಿದದ್ದು ನಾಲ್ಕು ಶಬ್ದ. ಅವಳು ಹಾಡುತ್ತಿದ್ದ ಒಂದು ಹಾಡು ಮಾತ್ರ ಬಾಯಿಂದ ಬಾಯಿಗೆ ಬಂದು, ಆ ಕರಾವಳಿಯ ಚುಮಾಶ್ ಮೂಲನಿವಾಸಿಗಳ ಹಿರಿಯ ಫರ್ನಾಂಡೊ ಲಿಬ್ರಾಡೊ ಅವರ ದನಿಯಲ್ಲಿ, ಆ ಕಾಲದಲ್ಲಿ ದನಿ ಮುದ್ರಿಸುತ್ತಿದ್ದ ಮೇಣದ ಸಿಲಿಂಡರಿನ ಮೇಲೆ ಉಳಿದಿದೆ.

ಹದಿನೆಂಟು ವರ್ಷ ಒಬ್ಬಳೇ ಬದುಕಿದವಳು. ನಾವು ಕರೆತಂದ ಮೇಲೆ ಏಳು ವಾರ.

ಕಾದಂಬರಿ ಇದನ್ನು ಹೇಳುವುದಿಲ್ಲ. ಕರಾನಾ ಹಡಗು ಹತ್ತಿ ದ್ವೀಪವನ್ನು ಹಿಂದೆ ಬಿಟ್ಟಲ್ಲಿಗೆ ಕಥೆ ನಿಲ್ಲುತ್ತದೆ. ಕೊನೆಯಲ್ಲಿ ಲೇಖಕರ ಒಂದು ಚಿಕ್ಕ ಟಿಪ್ಪಣಿ ಇದೆ. ನಿಜವಾದ ಹೆಂಗಸಿನ ಪ್ರಸ್ತಾಪ, ಸಮಾಧಿಯ ಮಾತು ಅದರಲ್ಲಿ ಬರುತ್ತದೆ. ಕಥೆ ಮುಗಿಸಿದ ಮಗು ಟಿಪ್ಪಣಿ ಓದುತ್ತದಾ? ನಾವೇ ಓದುವುದಿಲ್ಲ. 1976ರಲ್ಲಿ ಓಡೆಲ್ ‘ಜಿಯಾ’ ಅನ್ನುವ ಮುಂದಿನ ಭಾಗ ಬರೆದರು. ಅದರಲ್ಲಿ ಕರಾನಾ ಸಾಯುತ್ತಾಳೆ. ಹಾಗಾಗಿ ಓಡೆಲ್ ಮುಚ್ಚಿಟ್ಟರು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಪುಸ್ತಕವನ್ನು ಕ್ಲಾಸಿನಲ್ಲಿ ಓದಿಸಿದ್ದನ್ನು ನಾನಂತೂ ನೋಡಿಲ್ಲ. ಮೊದಲನೆಯದನ್ನು ಓದಿಸುತ್ತಾರೆ, ದ್ವೀಪದ ಚಿತ್ರ ಬರೆಸುತ್ತಾರೆ, ಶೂ ಡಬ್ಬಿಯಲ್ಲಿ ಗುಹೆ ಮಾಡಿಸುತ್ತಾರೆ, ಮುಗೀತು. ಅವಳು ಬಚಾವಾದಳು ಅಂತ ಮಕ್ಕಳು ನಿಟ್ಟುಸಿರು ಬಿಡುತ್ತಾರೆ.

ಇನ್ನೂ ಒಂದು ದೊಡ್ಡ ತಪ್ಪು ಕಲ್ಪನೆ ಈ ಕಥೆಯ ಜೊತೆ ಅಂಟಿಕೊಂಡು ಬಂದಿದೆ. ಅವಳೇ ಕೊನೆಯವಳು, ಅವಳ ಜೊತೆಗೆ ಆ ಜನಾಂಗ ಮುಗಿಯಿತು ಅನ್ನೋದು. ಸಂಶೋಧಕರು ಹಳೆಯ ಚರ್ಚ್ ದಾಖಲೆಗಳನ್ನು ಜಾಲಾಡಿದಾಗ 1835ರಲ್ಲಿ ಹಡಗು ಹತ್ತಿದವರಲ್ಲಿ ಕೆಲವರು ಲಾಸ್ ಏಂಜಲೀಸಿನಲ್ಲಿ ಬಾಳಿದ್ದು ಕಂಡುಬಂತು. ಪುರಾಣದ ಹಾಗೆ ಎಲ್ಲರೂ ಮಾಯವಾಗಲಿಲ್ಲ. ಆ ಕರಾವಳಿಯ, ಆ ದ್ವೀಪಗಳ ನಂಟಿರುವ ಜನ ಇವತ್ತೂ ಇದ್ದಾರೆ, ತಮ್ಮ ಹಕ್ಕಿಗೆ ಮಾತಾಡುತ್ತಾರೆ. 2012ರಲ್ಲಿ ಪುರಾತತ್ವ ತಜ್ಞ ಸ್ಟೀವ್ ಶ್ವಾರ್ಟ್ಸ್ ಮತ್ತು ಜೊತೆಗಾರರು ಅವಳು ವಾಸವಿದ್ದಿರಬಹುದಾದ ಗುಹೆ ಸಿಕ್ಕಿತು ಅಂತ ಪ್ರಕಟಿಸಿದರು. ಮರಳು ತುಂಬಿಹೋಗಿದ್ದ ಗುಹೆಯನ್ನು ಅಗೆಯುತ್ತಿದ್ದರು. ಆಗ ದಕ್ಷಿಣ ಕ್ಯಾಲಿಫೋರ್ನಿಯಾದ ಪೆಚಾಂಗಾ ಮೂಲನಿವಾಸಿ ಸಮುದಾಯ ಇದು ನಮ್ಮ ಹಿರಿಯರ ಜಾಗ ಅಂತ ಆಕ್ಷೇಪ ಎತ್ತಿತು. ದ್ವೀಪ ಅಮೆರಿಕದ ನೌಕಾಪಡೆಯ ವಶದಲ್ಲಿದೆ. ನೌಕಾಪಡೆ ಅಗೆತ ನಿಲ್ಲಿಸಿತು. ಅಗೆಯಬೇಕಿತ್ತಾ, ನಿಲ್ಲಿಸಬೇಕಿತ್ತಾ? ಹತ್ತು ವರ್ಷದ ಮಕ್ಕಳಿಗೆ ಕೇಳಿ ನೋಡಿ. ಶೂ ಡಬ್ಬಿಯ ಗುಹೆಗಿಂತ ಒಳ್ಳೆಯ ಕೆಲಸ ಅದು. ನಮ್ಮ ಮಕ್ಕಳು ಹೇಗೂ ವಾದ ಮಾಡುವುದರಲ್ಲಿ ಎತ್ತಿದ ಕೈ.

ನಮಗೂ ಇದಕ್ಕೂ ಏನು ಸಂಬಂಧ, ಬೇರೆ ದೇಶದ ಹಳೇ ಕಥೆ ಅಂತ ಒಬ್ಬರು ಕೇಳಿದರು. ನಾನಿರುವುದು ಫ್ರೀಮಾಂಟಿನಲ್ಲಿ. ಇಲ್ಲಿನ ಮಿಷನ್ ಸ್ಯಾನ್ ಹೋಸೆ ಭಾಗದಲ್ಲಿ ಮನೆ ಸಿಗಲಿ, ಮಕ್ಕಳಿಗೆ ಒಳ್ಳೆ ಶಾಲೆ ಸಿಗಲಿ ಅಂತ ನಮ್ಮವರು ಪಡುವ ಪಾಡು ನಿಮಗೆ ಗೊತ್ತೇ ಇದೆ. ಆ ಹೆಸರು ಬಂದದ್ದು 1797ರಲ್ಲಿ ಸ್ಪೇನಿನ ಪಾದ್ರಿಗಳು ಕಟ್ಟಿದ ಮಿಷನ್ನಿನಿಂದ. ಅಲ್ಲಿ ದುಡಿದವರು, ಕಾಯಿಲೆ ಬಿದ್ದು ಸತ್ತವರು ಒಹ್ಲೋನಿ ಮತ್ತು ಅಕ್ಕಪಕ್ಕದ ಮೂಲನಿವಾಸಿಗಳು. ನಾಲ್ಕನೇ ಕ್ಲಾಸಿನಲ್ಲಿ ಕ್ಯಾಲಿಫೋರ್ನಿಯಾದ ಚರಿತ್ರೆ ಬಂದಾಗ ನಮ್ಮ ಮಕ್ಕಳು ಸಕ್ಕರೆ ತುಂಡುಗಳಲ್ಲಿ ಅದರ ಮಾಡೆಲ್ ಕಟ್ಟಿದ್ದಾರೆ. ಅಂಟು ಹಚ್ಚಿಕೊಟ್ಟವರು ನಾವೇ. ನಾವು ನಿಂತ ನೆಲದ ಕಥೆ ಇದು. ಮನೆ ಸಾಲ ನಮ್ಮದು, ಕಥೆ ಬೇರೆಯವರದ್ದು ಅನ್ನೋಕಾಗಲ್ಲ.

ಹಾಗಾದರೆ ನನ್ನ ಕೋರಿಕೆ ಏನು? ಪುಸ್ತಕ ಇರಲಿ. ಅದು ಮುಗಿದ ಮೇಲೆ ಇನ್ನೊಂದು ಕ್ಲಾಸು ಬೇಕು ಅಂತ ಶಿಕ್ಷಕರನ್ನು ಕೇಳೋಣ. ಆ ಒಂದು ಕ್ಲಾಸಿನಲ್ಲಿ ಕಾದಂಬರಿ ಬಿಟ್ಟ ಏಳು ವಾರದ ಕಥೆ ಬರಲಿ. ಯಾವುದು ಓಡೆಲ್ ಕಟ್ಟಿದ್ದು, ಯಾವುದು ದಾಖಲೆಯಲ್ಲಿದ್ದದ್ದು ಅಂತ ಮಕ್ಕಳೇ ಬೇರೆ ಮಾಡಲಿ. ಪುಸ್ತಕವನ್ನು ಪ್ರೀತಿಸುವ ಓದುಗರು ಏನನ್ನುತ್ತಾರೆ, ರೀಸ್ ಅವರಂಥ ಮೂಲನಿವಾಸಿ ಓದುಗರು ಏನನ್ನುತ್ತಾರೆ, ಎರಡೂ ಅವರ ಕಿವಿಗೆ ಬೀಳಲಿ. ದೊಡ್ಡವರು ಒಂದು ಪುಸ್ತಕದ ಮೇಲೆ ಇಷ್ಟು ಜಗಳ ಆಡುತ್ತಾರೆ ಅನ್ನೋದೇ ಅರ್ಧ ಮಕ್ಕಳಿಗೆ ಹೊಸ ಸುದ್ದಿ.

ಶಿಕ್ಷಕರಿಗೆ ಸಮಯ ಇಲ್ಲ ಅನ್ನುತ್ತೀರಿ. ನಿಜ, ಅವರ ಮೇಲೆ ಹೊರೆ ಜಾಸ್ತಿ. ಆದರೆ ಸಾಮಗ್ರಿ ಹುಡುಕುವ ಕಷ್ಟ ಇಲ್ಲ. ನ್ಯಾಷನಲ್ ಪಾರ್ಕ್ ಸರ್ವಿಸ್ ಈ ಕಾದಂಬರಿಯ ಬಗ್ಗೆ, ಅದರ ಹಿಂದಿನ ನಿಜವಾದ ಚರಿತ್ರೆಯ ಬಗ್ಗೆ ಬಹಳಷ್ಟನ್ನು ಪುಕ್ಕಟೆಯಾಗಿ ಇಟ್ಟಿದೆ. 2016ರಲ್ಲಿ ಸಾರಾ ಶ್ವೆಬೆಲ್ ಸಂಪಾದಿಸಿದ, ಟಿಪ್ಪಣಿಗಳಿರುವ ಆವೃತ್ತಿಯೂ ಇದೆ. ಮೊದಲ ಮುದ್ರಣದಲ್ಲಿ ಕೈಬಿಟ್ಟಿದ್ದ ಎರಡು ಅಧ್ಯಾಯಗಳು ಅದರಲ್ಲಿವೆ. ಗ್ರಂಥಾಲಯದಲ್ಲಿ ಕೇಳಿದರೆ ತರಿಸಿಕೊಡುತ್ತಾರೆ. ನಮ್ಮಲ್ಲಿ ಎಷ್ಟೋ ಜನ ಕ್ಲಾಸಿಗೆ ಓದಿ ಹೇಳಲು, ಸಹಾಯ ಮಾಡಲು ಹೋಗುತ್ತೀರಿ. ಆ ಒಂದು ಗಂಟೆಯನ್ನು ನೀವೇ ವಹಿಸಿಕೊಳ್ಳಿ. ಶಾಲೆ ಒಪ್ಪದಿದ್ದರೆ ವಾರಾಂತ್ಯದ ಕನ್ನಡ ಕ್ಲಾಸಿನಲ್ಲಿ ಕನ್ನಡದಲ್ಲೇ ಹೇಳಬಹುದಲ್ವಾ. ಅಆಇಈ ತಿದ್ದಿಸುವುದರ ನಡುವೆ ಒಂದು ಕಥೆಗೆ ಜಾಗ ಸಿಗದೇ ಇರುತ್ತದಾ?

ಮಗು ಕೇಳುವ ಪ್ರಶ್ನೆಗೆ ಮಾತ್ರ ಸಿದ್ಧರಾಗಿ ಹೋಗಿ. ‘ಅವಳನ್ನು ಅಲ್ಲೇ ಬಿಟ್ಟಿದ್ದರೆ ಇನ್ನೂ ಬದುಕುತ್ತಿದ್ದಳಾ?’ ಅಂತ ಕೇಳೇ ಕೇಳುತ್ತಾರೆ. ಉತ್ತರ ಕೊಡಲು ಅವಸರ ಮಾಡಬೇಡಿ. ಅವಳೇ ಖುಷಿಯಿಂದ ದೋಣಿ ಹತ್ತಿದಳು ಅಂತ ಬೇಟೆಗಾರರು ಹೇಳಿದ್ದಾರೆ, ಅವಳ ಕಡೆಯ ಮಾತು ನಮಗೆ ಸಿಕ್ಕಿಲ್ಲ. ಇಷ್ಟನ್ನು ಹೇಳಿ, ಮಿಕ್ಕಿದ್ದನ್ನು ಅವರಿಗೇ ಬಿಡಿ.

ಬೇಸಿಗೆ ರಜೆಗೆ ಎಲ್ಲಿಗೆ ಹೋಗೋಣ ಅಂತ ಯೋಚಿಸುತ್ತಿರುವವರಿಗೆ ಒಂದು ಮಾತು. ಸ್ಯಾನ್ ನಿಕೋ‌ಲಸ್‌ಗೆ ಹೋಗಲಾಗದು, ನೌಕಾಪಡೆ ಬಿಡುವುದಿಲ್ಲ. ಆದರೆ ಸಾಂತಾ ಬಾರ್ಬರಾ ಮಿಷನ್ನಿನಲ್ಲಿ ಆ ಫಲಕ ನೋಡಬಹುದು. ಅಲ್ಲಿಂದ ಸ್ವಲ್ಪ ದೂರದ ವೆಂಚುರಾದಿಂದ ಸಾಂತಾ ಕ್ರೂಸ್ ದ್ವೀಪಕ್ಕೆ ದೋಣಿ ಹೊರಡುತ್ತದೆ. ಅದು ಚಾನೆಲ್ ಐಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಭಾಗ. ದಾರಿಯಲ್ಲಿ ಡಾಲ್ಫಿನ್‌ಗಳು ದೋಣಿಯ ಪಕ್ಕದಲ್ಲೇ ಈಜುವುದುಂಟು. ದ್ವೀಪದಲ್ಲಿ ಬೆಕ್ಕಿನಷ್ಟೇ ಗಾತ್ರದ ನರಿಗಳಿವೆ, ನಿಮ್ಮ ತಿಂಡಿ ಚೀಲಕ್ಕೇ ಬಾಯಿ ಹಾಕುತ್ತವೆ. ಟಿಕೆಟ್ ಮೊದಲೇ ತೆಗೆದಿಡಿ. ಅಲ್ಲಿ ಅಂಗಡಿ ಹೋಟೆಲು ಏನೂ ಇಲ್ಲ, ಬುತ್ತಿ ಕಟ್ಟಿಕೊಂಡೇ ಹೋಗಬೇಕು. ದೋಣಿ ಹತ್ತುವ ಮುಂಚೆ ಮಾತ್ರ ಮಕ್ಕಳಿಗೆ ಇಡ್ಲಿ ಜಾಸ್ತಿ ತಿನ್ನಿಸಬೇಡಿ, ಅಲೆ ಜೋರಿರುತ್ತದೆ.

ಇತಿ,
ಫ್ರೀಮಾಂಟಿನ ಒಬ್ಬ ಕನ್ನಡದ ಅಮ್ಮ